ಕೇಳುವ ಕುರ್ಚಿ

ತನ್ನ ಕಿವಿಯ ಬಗ್ಗೆ ಅಪ್ಪ ಎಲ್ಲರ ಹತ್ತಿರ ಹೇಳಿಕೊಂಡು ಬಂದಿರುವುದು ಸುಳ್ಳಿರಬಹುದು ಎಂದು ಅವಳು ಬೆಳಿಗ್ಗೆ ಎದ್ದವಳೇ ಡೈರಿಯಲ್ಲಿ ಬರೆದಳು. ಬರೆದು, 'ಇರಬಹುದು' ಎಂಬಲ್ಲಿ ಪೆನ್ನು ನಿಂತಿತು. ಆ ಪದವನ್ನು ಹೊಡೆದುಹಾಕಬೇಕು ಅನ್ನಿಸಿದರೂ ಹಾಕಲಿಲ್ಲ. ಮೂರು ವರ್ಷದಿಂದ ಗೊತ್ತಿದ್ದದ್ದನ್ನು ಇವತ್ತು ಬರೆಯಬೇಕಾಗಿ ಬಂದದ್ದು ನಿನ್ನೆ ಸಂಜೆಯ ಒಂದು ಫೋನಿನಿಂದ. ಹಲ್ಲಿನ ಡಾಕ್ಟರಮ್ಮ ಫೋನು ಮಾಡಿ, ಅಪ್ಪ ಒಂದೂವರೆ ತಿಂಗಳ ಹಿಂದೆ ಮಾಡಿಕೊಟ್ಟ ವಾಲ್ವ್ ಆಂಪ್ಲಿಫೈಯರನ್ನೂ ಅದಕ್ಕೆ ಜೋಡಿಸಿಕೊಟ್ಟ ಸ್ಪೀಕರುಗಳನ್ನೂ ವಾಪಸು ತರುತ್ತೇನೆ, ನಾಳೆ ಬೆಳಿಗ್ಗೆ ಹತ್ತೂವರೆಗೆ ಮನೆಯಲ್ಲಿರುತ್ತೀರಾ ಎಂದು ಕೇಳಿದ್ದರು. ಪಿಟೀಲು ಕಿವಿ ಚುಚ್ಚುತ್ತದಂತೆ. ಅಪ್ಪ ಫೋನು ಕೆಳಗಿಟ್ಟು ನಕ್ಕು, ಚುಚ್ಚೋದಕ್ಕೆ ಅದೇನು ಇಂಜೆಕ್ಷನ್ನಾ, ಇವಳು ಕೇಳಿ ಪಾಸು ಮಾಡಿದ ಸೆಟ್ಟು ಅದು ಎಂದು ಅಮ್ಮನಿಗೆ ಹೇಳಿದ್ದರು. ಹೇಳುವಾಗ ಅವಳ ಕಡೆ ತಿರುಗಿ ನೋಡಿರಲಿಲ್ಲ. ಗೋಡೆಯಲ್ಲಿರುವ ಗಡಿಯಾರವನ್ನು ಸರಿಯಾಗಿದೆಯೋ ಇಲ್ಲವೋ ಎಂದು ಯಾರೂ ಕೇಳುವುದಿಲ್ಲವಲ್ಲ, ಹಾಗೆ.

ಮನೆಯ ಮುಂದಿನ ಕೋಣೆಯೇ ಅಪ್ಪನ ಕಾರ್ಯಾಗಾರ. ಒಂದು ಗೋಡೆಯ ಉದ್ದಕ್ಕೂ ಮೇಜು, ಅದರ ಮೇಲೆ ಬೆಸುಗೆ ಕಡ್ಡಿ, ತಾಮ್ರದ ತಂತಿಯ ಉರುಳೆಗಳು, ಹತ್ತಿಯಲ್ಲಿ ಸುತ್ತಿಟ್ಟ ಗಾಜಿನ ವಾಲ್ವುಗಳು. ಎದುರು ಗೋಡೆಯ ಮೂಲೆಯಲ್ಲಿ ರೆಕಾರ್ಡ್ ಪ್ಲೇಯರು, ಗೋಡೆಯ ಮುಂದೆ ಎರಡು ಸ್ಪೀಕರುಗಳಿಗೆ ಜಾಗ. ಇವೆರಡರಿಂದಲೂ ಸಮದೂರದಲ್ಲಿ, ನೆಲದ ಮೇಲೆ ಬಣ್ಣದಿಂದ ಗುರುತು ಮಾಡಿದ ನಾಲ್ಕು ಚುಕ್ಕೆಗಳ ಮೇಲೆ, ಕೈಯಿಲ್ಲದ ಮರದ ಕುರ್ಚಿ. ಅದನ್ನು ಯಾರೂ ಸರಿಸುವಂತಿಲ್ಲ. ಅಮ್ಮ ನೆಲ ಒರೆಸುವಾಗ ಅದರ ಸುತ್ತ ಬಟ್ಟೆ ತಿರುಗಿಸಿಕೊಂಡು ಹೋಗುತ್ತ, ನನ್ನ ಮದುವೆ ಆಗೋಕೆ ಒಂದು ವಾರ ಯೋಚನೆ ಮಾಡಿದ ಮನುಷ್ಯ ಸ್ಪೀಕರಿಗೆ ಜೋಡಿ ನೋಡೋಕೆ ಐದು ತಿಂಗಳು ತಗೋತಾರೆ ಎಂದು ಗೊಣಗುತ್ತಾಳೆ. ಗಿರಾಕಿಗಳು ಇದ್ದಾಗ ಇದೇ ಮಾತನ್ನು ಸ್ವಲ್ಪ ಗಟ್ಟಿಯಾಗಿ ಗೊಣಗುತ್ತಾಳೆ. ಅಪ್ಪನಿಗೂ ಅದು ಇಷ್ಟ. ವಾಲ್ವ್ ಸೆಟ್ಟು ಎಂದರೆ ಏನು ಎಂದು ಹೊಸಬರಿಗೆ ವಿವರಿಸುವಾಗ ಅವರು ಆ ಮಾತಿನಿಂದಲೇ ಶುರು ಮಾಡುವುದು. ಟ್ರಾನ್ಸಿಸ್ಟರ್ ಸೆಟ್ಟು ದಾಂಡಿಗ, ಯಾವ ಸ್ಪೀಕರ್ ತಂದು ಕಟ್ಟಿದರೂ ಎಳೆದುಕೊಂಡು ಹೋಗುತ್ತದೆ. ವಾಲ್ವ್ ಹಾಗಲ್ಲ. ಎಂಟೇ ಎಂಟು ವ್ಯಾಟಿನ ಬಡಪಾಯಿ. ಅದರ ಎದುರಿಗೆ ಹೆಚ್ಚು ಉಣ್ಣುವ ಸ್ಪೀಕರ್ ಇಟ್ಟರೆ ಏದುಸಿರು ಬಿಡುತ್ತದೆ. ಇನ್ನೊಂದು, ಸ್ಪೀಕರ್ ಹಾಡುತ್ತ ಹಾಡುತ್ತ ಸ್ವರಕ್ಕೆ ತಕ್ಕಂತೆ ತನ್ನ ಭಾರ ಬದಲಾಯಿಸುತ್ತಿರುತ್ತದೆ. ವಾಲ್ವ್ ಸಂಕೋಚದ್ದು, ಎದುರಿಗಿರುವವರು ಹೇಗೋ ತಾನೂ ಹಾಗೆ ಆಗಿಬಿಡುತ್ತದೆ. ಅದಕ್ಕೇ ಎಂಟು ಓಮಿನ ತುದಿಗೆ ಎಂಟು ಓಮಿನ ಸ್ಪೀಕರ್ ಅಂತ ಕಟ್ಟಿ ಕೈ ತೊಳೆದುಕೊಂಡರೆ ಆಗಲಿಲ್ಲ, ಕೂತು ಕೇಳಬೇಕು. ಕೇಳೋದಕ್ಕೆ ನಮ್ಮ ಮನೆಯಲ್ಲಿ ಒಂದು ಮೀಟರಿದೆ ಎನ್ನುತ್ತ ಆಗ ಅವರು ಅವಳನ್ನು ಕರೆಯುತ್ತಿದ್ದರು. ಮೀಟರು ಎಂಬುದು ಅವಳ ಹೆಸರೇ ಆಗಿಹೋಗಿತ್ತು. ಚಿಕ್ಕಪ್ಪ ಫೋನು ಮಾಡಿದಾಗಲೂ ಏನಮ್ಮ ಮೀಟರು, ಕೆಲಸ ಸಿಕ್ತಾ ಎಂದೇ ಕೇಳುತ್ತಿದ್ದರು.

ಕೆಲಸ ಸಿಕ್ಕಿರಲಿಲ್ಲ. ಪದವಿ ಮುಗಿದು ಎರಡು ವರ್ಷವಾಗಿತ್ತು. ಹೋದ ಸಲದ ಸಂದರ್ಶನದಲ್ಲಿ ಮೂವರು ಕೂತಿದ್ದರು, ಮಧ್ಯದ ಹೆಂಗಸು ಒಂದು ಪ್ರಶ್ನೆ ಕೇಳಿದ್ದಳು, ಇವಳು ಉತ್ತರ ಶುರು ಮಾಡಿ ಎಡಗಡೆಯವನ ಹುಬ್ಬು ಮೇಲಕ್ಕೆ ಹೋದದ್ದನ್ನು ಕಂಡು ಅರ್ಧದಲ್ಲಿ ಉತ್ತರವನ್ನು ತಿರುಗಿಸಿದ್ದಳು. ಬಲಗಡೆಯವನು ಕೆಮ್ಮಿದ, ಮತ್ತೆ ತಿರುಗಿಸಿದಳು. ಹೆಂಗಸು ಪೆನ್ನಿನ ಕ್ಯಾಪು ಮುಚ್ಚಿ, ಅದೆಲ್ಲ ಸರಿ, ನಿಮಗೇನನ್ನಿಸುತ್ತೆ ಅದನ್ನ ಹೇಳಿ ಎಂದಳು. ಇವಳು ಕಾದಳು. ತನಗೇನನ್ನಿಸುತ್ತದೆ ಎಂಬುದು ಎಲ್ಲಿಂದಲೋ ಬರಬೇಕಾದ ಬಸ್ಸಿನಂತೆ, ಬರಲಿಲ್ಲ. ಹೊರಗೆ ಬೆಂಚಿನ ಮೇಲೆ ಕೂತಿದ್ದ ಮುಂದಿನ ಹುಡುಗಿ, ಹೇಗಿತ್ತು, ಕಷ್ಟ ಇತ್ತಾ ಎಂದು ಕೇಳಿದಾಗ ಅವಳ ಮುಖದ ಹೆದರಿಕೆ ನೋಡಿ ಏನಿಲ್ಲ, ಸುಲಭ ಎಂದಿದ್ದಳು. ಇದನ್ನು ಕೂಡ ಡೈರಿಯಲ್ಲಿ ಬರೆದಿದ್ದಳು, ಬೇರೆ ಯಾರೋ ಮಾಡಿದ ಕೆಲಸವನ್ನು ವರದಿ ಮಾಡುವವಳಂತೆ. ಕಾಲೇಜಿನ ಪ್ರಯೋಗಾಲಯದಲ್ಲಿ ದ್ರಾವಣ ಬಣ್ಣ ತಿರುಗಿದ ಗಳಿಗೆಯನ್ನು ಅವಳು ಹಿಡಿಯುತ್ತಿದ್ದದ್ದು ಎದುರಿಗೆ ನಿಂತ ಡೆಮಾನ್‌ಸ್ಟ್ರೇಟರನ ಕಣ್ಣಿನಲ್ಲಿ. ಅಂಕಗಳು ಚೆನ್ನಾಗಿಯೇ ಬರುತ್ತಿದ್ದವು.

ಹತ್ತೂವರೆಗೆ ಇನ್ನೂ ಸಮಯವಿತ್ತು. ಅಪ್ಪ ಮೇಜಿನ ಮುಂದೆ ನಿಂತು ಒಂದು ಸ್ವಿಚ್ಚಿಗೆ ಉದ್ದದ ತಂತಿ ಬೆಸೆಯುತ್ತಿದ್ದರು. ಬೆಸುಗೆಯ ವಾಸನೆ ಅಡುಗೆಮನೆಯವರೆಗೂ ಬಂದಿತ್ತು. ಪಕ್ಕದಲ್ಲಿ, ನಾಳೆ ಹೋಗಬೇಕಾಗಿದ್ದ ಇನ್ನೊಂದು ಸೆಟ್ಟು, ಮೇಲುಮುಚ್ಚಳ ಹಾಕಿ ಒರೆಸಿ ಸಿದ್ಧವಾಗಿತ್ತು. ಅದನ್ನೂ ಅವಳು ಮೊನ್ನೆ ಆ ಕುರ್ಚಿಯಲ್ಲಿ ಕೂತು ಪಾಸು ಮಾಡಿದ್ದಳು. ಅಪ್ಪ ಅವಳಿಗೆ ತಂತಿಯ ತುದಿ ಹಿಡಿದುಕೊಳ್ಳಲು ಹೇಳಿದರು. ಅವಳು ಹಿಡಿದುಕೊಂಡಳು. ಡಾಕ್ಟರಮ್ಮನ ಎದುರಿಗೇ ಪರೀಕ್ಷೆ ಆಗಿಬಿಡಲಿ, ಟ್ವೀಟರಿನ ಹಿಂದೆ ಈಗ ಹಾಕಿರೋ ರೆಸಿಸ್ಟರು ಒಂದು ಕಡೆ, ದೊಡ್ಡದು ಇನ್ನೊಂದು ಕಡೆ, ಸ್ವಿಚ್ ಹಾಕಿದರೆ ಅದು, ತೆಗೆದರೆ ಇದು, ನೀನು ಕೂತು ಹೇಳು ಎಂದರು. ಟ್ವೀಟರ್ ಎಂದರೆ ಸ್ಪೀಕರಿನ ಪೆಟ್ಟಿಗೆಯಲ್ಲಿ ಮೇಲುಗಡೆ ಇರುವ ಪುಟ್ಟ ಬಾಯಿ, ಸಣ್ಣ ಚೂಪು ಸ್ವರಗಳೆಲ್ಲ ಬರುವುದು ಅದರಿಂದ. ಹಿಂದಿನ ರೆಸಿಸ್ಟರು ದೊಡ್ಡದಾದಷ್ಟೂ ಅದರ ಬಾಯಿ ಕಡಿಮೆ. ಮೊದಲೆಲ್ಲ ಅಪ್ಪ ಅಲ್ಲಿ ಆರು ಓಮಿನದು ಹಾಕುತ್ತಿದ್ದರು. ಆಮೇಲೆ ನಾಲ್ಕು. ಕಳೆದ ವರ್ಷದಿಂದ ಎರಡು.

ಅದು ಯಾಕೆ ಹಾಗೆ ಇಳಿಯುತ್ತ ಬಂತು ಎಂಬುದು ಮನೆಯಲ್ಲಿ ಅವಳೊಬ್ಬಳಿಗೆ ಗೊತ್ತಿತ್ತು, ಅಥವಾ ಗೊತ್ತಿರಬೇಕಾಗಿತ್ತು. ಮೂರು ವರ್ಷದ ಹಿಂದೆ ಒಂದು ಮಧ್ಯಾಹ್ನ ಅಪ್ಪ ಸ್ವರ ಹೊರಡಿಸುವ ಯಂತ್ರದ ಗುಬುಟು ತಿರುಗಿಸುತ್ತ ಕೂತಿದ್ದರು. ಅಮ್ಮ ಮಲಗಿದ್ದಳು. ಅವಳು ನೀರು ಕೊಡಲು ಬಂದವಳು ಬಾಗಿಲಲ್ಲೇ ಕಿವಿ ಮುಚ್ಚಿಕೊಂಡಳು. ಅಪ್ಪ ಅವಳನ್ನು ನೋಡಿ, ನಿಂಗೆ ಕೇಳಿಸ್ತಿದೆಯಾ ಎಂದರು. ಹೂಂ. ಗುಬುಟು ಸ್ವಲ್ಪ ತಿರುಗಿತು. ಈಗ? ಹೂಂ. ಈಗ? ಹೂಂ ಅಪ್ಪ, ಸಣ್ಣಗೆ, ಸೊಳ್ಳೆ ಹಾಗೆ. ಅಪ್ಪ ಪರದೆಯ ಮೇಲೆ ಕುಣಿಯುತ್ತಿದ್ದ ಹಸಿರು ಗೆರೆಯನ್ನೇ ಬಹಳ ಹೊತ್ತು ನೋಡಿದರು, ತೀರಿಕೊಂಡವರ ಕಾಗದ ಓದುವವರ ಹಾಗೆ. ಆಮೇಲೆ ಯಂತ್ರ ಆರಿಸಿ, ಅಮ್ಮನಿಗೆ ಹೇಳಬೇಡ, ಗಿರಾಕಿಗಳಿಗಂತೂ ಬೇಡವೇ ಬೇಡ, ನಿನ್ನ ಕಿವಿ ಇದೆಯಲ್ಲ ನನಗೆ ಅಷ್ಟು ಸಾಕು ಎಂದಿದ್ದರು. ಅವತ್ತು ಅವಳಿಗೆ ಆಗಿದ್ದು ಸಂತೋಷವೇ. ಯಾರಿಗೋ ತಾನು ಬೇಕು ಎಂಬುದರ ಸಂತೋಷ. ಮಾರನೆಯ ದಿನ ಕುರ್ಚಿಯಲ್ಲಿ ಕೂತಾಗ ಅದು ಹೊರಟುಹೋಯಿತು. ಅಪ್ಪ ಸ್ಪೀಕರುಗಳ ಪಕ್ಕದಲ್ಲಿ ಅವಳಿಗೆ ಎದುರಾಗಿ ನಿಂತು, ಒಂದು ಹಾಕಿ, ಎರಡು ಹಾಕಿ, ಯಾವುದು ಹೇಳು ಎಂದರು. ಅವಳಿಗೆ ಸದ್ದು ಕೇಳಿಸಿತು, ಅಭಿಪ್ರಾಯ ಕೇಳಿಸಲಿಲ್ಲ. ಎರಡರಲ್ಲೂ ಅದೇ ಗಾಯಕಿ ಅದೇ ಸಾಲು ಹಾಡುತ್ತಿದ್ದಳು. ಕಣ್ಣು ದಿಕ್ಕುಗಾಣದೆ ಅಲೆದು ಅಪ್ಪನ ಎಡಭುಜದ ಮೇಲೆ ಹೋಗಿ ಕೂತಿತು. ಎರಡನೆಯದು ಹಾಡುವಾಗ ಆ ಭುಜ ಒಂದು ಬೆರಳಿನಷ್ಟು ಕೆಳಗಿಳಿದಿತ್ತು, ಹೊತ್ತ ಚೀಲ ಇಳಿಸಿದವರದ್ದು ಇಳಿಯುವ ಹಾಗೆ. ಎರಡು, ಎಂದಳು. ಅಪ್ಪನ ಮುಖದಲ್ಲಿ ಆಗ ಮೂಡಿದ್ದನ್ನು ನೋಡಿದ ಮೇಲೆ ಮತ್ತೊಮ್ಮೆ ಬೇರೆ ಥರ ಕೇಳುವ ಪ್ರಶ್ನೆಯೇ ಇರಲಿಲ್ಲ. ನಾನೂ ಅದೇ ಅಂದ್ಕೊಂಡಿದ್ದೆ ಎಂದಿದ್ದರು ಅವರು. ಹನ್ನೊಂದು ಸೆಟ್ಟುಗಳು ಆ ಭುಜದ ಮೇಲಿಂದ ಇಳಿದು ಹನ್ನೊಂದು ಮನೆಗಳಿಗೆ ಹೋಗಿದ್ದವು. ಅಪ್ಪನಿಗೆ ಕೇಳಿಸದಿದ್ದ ಸ್ವರಗಳನ್ನು ಕೇಳಿಸಿಕೊಳ್ಳಲು ಅಪ್ಪ ಇಟ್ಟುಕೊಂಡಿದ್ದ ಕಿವಿ, ಅಪ್ಪನಿಗೆ ಏನು ಕೇಳಿಸಿತೋ ಅದನ್ನೇ ಅವರಿಗೆ ವಾಪಸು ಕೊಡುತ್ತಿತ್ತು. ಇದನ್ನು ಇಷ್ಟು ಸ್ಪಷ್ಟವಾಗಿ ಅವಳು ಎಂದೂ ಬರೆದುಕೊಂಡಿರಲಿಲ್ಲ. 'ಇವತ್ತು ಅಪ್ಪನಿಗೆ ಒಂದನೆಯದು ಇಷ್ಟವಾಯಿತು, ನಾನು ಒಂದು ಅಂದೆ' ಎಂದಷ್ಟೇ ಬರೆದು ತಾರೀಕು ಹಾಕುತ್ತಿದ್ದಳು.

ಡಾಕ್ಟರಮ್ಮ ಸರಿಯಾಗಿ ಹತ್ತೂವರೆಗೆ ಬಂದರು. ಐವತ್ತು ದಾಟಿದ, ಗಿಡ್ಡನೆಯ, ತೋಳು ಮಡಿಚಿಕೊಂಡ ಹೆಂಗಸು. ಕಾರಿನಿಂದ ಸ್ಪೀಕರುಗಳನ್ನು ಒಂದು ತುದಿ ಅಪ್ಪ, ಒಂದು ತುದಿ ಅವರೇ ಹಿಡಿದು ಒಳಗೆ ತಂದರು. ಅವಳು ಆಂಪ್ಲಿಫೈಯರನ್ನು ಮಗುವಿನಂತೆ ಎದೆಗಾನಿಸಿ ತಂದಳು. ಅದರ ಟ್ರಾನ್ಸ್‌ಫಾರ್ಮರಿನ ಭಾರಕ್ಕೆ ಮೊಣಕೈ ನೋಯುತ್ತಿತ್ತು. ಅಮ್ಮ ಕುಡಿಯಲು ಕಾಫಿ ತಂದು ಕೊಟ್ಟಳು. ಡಾಕ್ಟರಮ್ಮ ಮೊದಲೇ ಕ್ಷಮೆ ಕೇಳಿಕೊಂಡರು. ಸೆಟ್ಟು ನೋಡೋಕೆ ಬಹಳ ಚೆಂದ, ಮನೆಗೆ ಬಂದವರೆಲ್ಲ ಮೊದಲು ಅದರ ಮುಂದೆ ನಿಲ್ಲುತ್ತಾರೆ, ಕತ್ತಲಲ್ಲಿ ವಾಲ್ವುಗಳು ಕೆಂಪಗೆ ಉರಿಯುವುದನ್ನು ನೋಡುತ್ತ ಕೂತರೆ ಏನೂ ಹಾಕಬೇಕಾಗೇ ಇಲ್ಲ ಎಂದರು. ಹಾಕಿದರೇ ಕಷ್ಟ. ದಿನವಿಡೀ ನನ್ನ ಡ್ರಿಲ್ಲಿನ ಸದ್ದು ಕೇಳಿಸಿಕೊಂಡು ಮನೆಗೆ ಬಂದು ಕಾಲು ಚಾಚಿ ಪಿಟೀಲು ಹಾಕಿದರೆ ಅದೇ ಡ್ರಿಲ್ಲು ನನಗಿಂತ ಮೊದಲೇ ಬಂದು ಕೂತಿದೆ ಎಂದರು. ಅಮ್ಮ ಬಾಯಿಗೆ ಸೆರಗು ಹಿಡಿದು ನಕ್ಕಳು. ಅಪ್ಪನೂ ನಕ್ಕರು. ಹೊಸ ಸೆಟ್ಟು ಅಲ್ಲವಾ, ಒಂದಿಷ್ಟು ಪಳಗಬೇಕು ಎಂದರು.

"ಪಳಗಬೇಕಾದ್ದು ಸೆಟ್ಟೋ ನಾನೋ?"

ಇಬ್ಬರೂ ಅಂದುಕೊಳ್ಳಿ, ಎಂದು ಅಪ್ಪ ಬಗ್ಗಿ ತಂತಿಗಳನ್ನು ಕಟ್ಟತೊಡಗಿದರು. ಕೆಂಪು ಕೆಂಪಿಗೆ, ಕಪ್ಪು ಕಪ್ಪಿಗೆ. ಸ್ಪೀಕರಿನ ತಂತಿ ಕಟ್ಟದೆ ವಾಲ್ವ್ ಸೆಟ್ಟಿಗೆ ಕರೆಂಟು ಕೊಡಬಾರದು, ಹೊರಹೋಗಲು ದಾರಿಯಿಲ್ಲದ ಸದ್ದು ಟ್ರಾನ್ಸ್‌ಫಾರ್ಮರನ್ನೇ ಸುಟ್ಟುಬಿಡುತ್ತದೆ ಎಂಬುದನ್ನು ಅಕ್ಷರ ಕಲಿಯುವ ಮೊದಲೇ ಅವಳಿಗೆ ಕಲಿಸಿದ್ದರು. ಪರೀಕ್ಷೆಯ ಸ್ವಿಚ್ಚಿನ ತಂತಿಯನ್ನು ಪೆಟ್ಟಿಗೆಗಳ ಬೆನ್ನಿನಿಂದ ಟ್ವೀಟರುಗಳಿಗೆ ಸೇರಿಸಿ, ಎಲ್ಲವನ್ನೂ ಎರಡೆರಡು ಸಲ ಎಳೆದು ನೋಡಿ, ಆಮೇಲೆ ಕರೆಂಟು ಕೊಟ್ಟರು. ವಾಲ್ವುಗಳು ನಿಧಾನವಾಗಿ ಬೆಚ್ಚಗಾಗುತ್ತಿದ್ದವು. ಅವಳು ಹೋಗಿ ಕುರ್ಚಿಯಲ್ಲಿ ಕೂತಳು. ಅಂಗೈಗಳು ಮಂಡಿಯ ಮೇಲೆ. ತಾನು ಏನು ಹೇಳಬೇಕು ಎಂಬುದು ತನ್ನ ಜವಾಬ್ದಾರಿ ಅಲ್ಲ, ಈಗಿನ್ನು ಸ್ವಲ್ಪ ಹೊತ್ತಿಗೆ ಅದು ಎದುರಿಗೆ ತಾನಾಗಿ ಕಾಣಿಸಿಕೊಳ್ಳುತ್ತದೆ. ಡಾಕ್ಟರಮ್ಮ ಅಪ್ಪನಿಗೆ ಒಂದು ಮಾತು ಕೊಟ್ಟರು. ನಿಮ್ಮ ಮಗಳು ಈಗಿರೋದೇ ಸರಿ ಅಂದರೆ ನಾನು ಎರಡನೇ ಮಾತಾಡದೆ ಎತ್ತಿಕೊಂಡು ಹೋಗ್ತೀನಿ, ನನ್ನ ಕಿವೀನೇ ಕೆಟ್ಟಿದೆ ಅಂದ್ಕೋತೀನಿ, ಡ್ರಿಲ್ಲು ಹಿಡಿದು ಮೂವತ್ತು ವರ್ಷ ಆಯ್ತಲ್ಲ. ಅಪ್ಪ, ಹಾಗೇನಿಲ್ಲ ಹಾಗೇನಿಲ್ಲ ಎನ್ನುತ್ತಲೇ ಒಪ್ಪಿಕೊಂಡರು. ತಮ್ಮ ಜಾಗಕ್ಕೆ, ಸ್ಪೀಕರುಗಳ ಪಕ್ಕಕ್ಕೆ, ಹೋಗಿ ನಿಂತರು.

ಆಗ ಡಾಕ್ಟರಮ್ಮ ಅವಳನ್ನು ನೋಡಿದರು. ಬಾಯಿ ತೆರೆಸಿ ಒಳಗೆ ಕನ್ನಡಿ ಇಟ್ಟು ನೋಡುವವರ ನೋಟ ಅದು. ಕೆಟ್ಟ ಉದ್ದೇಶವಿಲ್ಲ, ಬಿಡುವುದೂ ಇಲ್ಲ.

"ನೀವು ಅಲ್ಲಿ ನಿಲ್ಲಬೇಡಿ ಸಾರ್. ಅವಳ ಹಿಂದೆ ಹೋಗಿ. ನನ್ನ ಕುರ್ಚೀಲಿ ಕೂತೋರು ಹೀಗೇ ನನ್ನ ಮುಖ ನೋಡ್ಕೊಂಡೇ ನೋವಿಲ್ಲ ನೋವಿಲ್ಲ ಅಂತಿರ್ತಾರೆ."

ತಮಾಷೆಗೆ ಹೇಳಿದ ಮಾತು. ಅಮ್ಮ ಮತ್ತೆ ನಕ್ಕಳು. ಅಪ್ಪ, ಧಾರಾಳವಾಗಿ ಎಂದು ಸ್ವಿಚ್ಚನ್ನು ಕೈಯಲ್ಲಿ ಹಿಡಿದು ತಂತಿಯನ್ನು ಎಳೆದುಕೊಂಡು ಅವಳ ಬೆನ್ನ ಹಿಂದೆ ಬಂದು ನಿಂತರು. ಅದಕ್ಕೆ ತಂತಿ ಅಷ್ಟು ಉದ್ದವಿದ್ದದ್ದು ಸಾಕಾಯಿತು. ಅಪ್ಪನ ಅಂಗಿಯಿಂದ ಬೆಸುಗೆಯ ವಾಸನೆ ಬರುತ್ತಿತ್ತು. ಅವಳ ಕತ್ತು ತಾನಾಗಿ ಹಿಂದಕ್ಕೆ ತಿರುಗಲು ಹೋಯಿತು, ಡಾಕ್ಟರಮ್ಮ ಬೆರಳೆತ್ತಿ ಮುಂದೆ ಎಂದು ತೋರಿಸಿದರು. ಮೂರು ವರ್ಷದಲ್ಲಿ ಮೊದಲ ಸಲ ಅವಳ ಎದುರಿಗೆ ಸ್ಪೀಕರುಗಳು ಮಾತ್ರ ಇದ್ದವು. ಬೂದು ಬಟ್ಟೆ ಹೊದಿಸಿದ ಎರಡು ಪೆಟ್ಟಿಗೆಗಳು. ಒಂದರ ಮೂಲೆಯಲ್ಲಿ ಬಟ್ಟೆಯ ನೂಲು ಎದ್ದಿತ್ತು. ಇವುಗಳನ್ನು ತಾನು ಇದುವರೆಗೆ ನೋಡಿಯೇ ಇಲ್ಲ ಎಂದು ಅನ್ನಿಸಿ ಅವಳಿಗೆ ನಾಚಿಕೆಯಾಯಿತು, ದಿನಾ ಎದುರಾಗುವ ಪಕ್ಕದ ಮನೆಯವರ ಹೆಸರು ಗೊತ್ತಿಲ್ಲದೆ ಸಿಕ್ಕಿಬಿದ್ದವಳಂತೆ.

ಒಂದು, ಎಂದರು ಅಪ್ಪ ಹಿಂದಿನಿಂದ. ಮೂಲೆಯ ಪ್ಲೇಯರಿನಲ್ಲಿ ಡಾಕ್ಟರಮ್ಮ ಇಳಿಸಿದ ಮುಳ್ಳು ರೆಕಾರ್ಡಿನ ತಟ್ಟೆಗೆ ತಾಗಿದ ಸಣ್ಣ ಸದ್ದು, ಆಮೇಲೆ ಪಿಟೀಲು. ಅವಳು ಕಣ್ಣಿಗೆ ಕೆಲಸವಿಲ್ಲದೆ ಕೂತಿದ್ದಳು. ಮೊದಲ ಕೆಲವು ಗಳಿಗೆ ಎಂದಿನಂತೆಯೇ ಏನೂ ಇರಲಿಲ್ಲ, ಸದ್ದು ಇತ್ತು, ಅಷ್ಟೆ. ಸಂದರ್ಶನದ ಕೋಣೆಯ ಅದೇ ಖಾಲಿ. ಆಮೇಲೆ ಪಿಟೀಲು ಮೇಲಿನ ಸ್ವರಕ್ಕೆ ಹತ್ತಿತು, ಹತ್ತಿದ್ದೇ ತಡ ಅದರ ತುದಿ ಒಡೆದು, ಮುರಿದ ಬ್ಲೇಡಿನಂತಹ ಒಂದು ಅಂಚು ಹೊರಬಂದು, ಅವಳ ಬಲಗಡೆಯ ಹಿಂದಿನ ಹಲ್ಲಿನ ಬೇರಿಗೆ ತಾಗಿತು. ಅವಳು ಮುಖ ಕಿವಿಚಿದಳು. ತಾನು ಮುಖ ಕಿವಿಚಿದ್ದನ್ನು ಗಮನಿಸಿದಳು. ಯಾರೂ ಹೇಳಿಕೊಡದೆ ಕಿವಿಚಿದ್ದು ಅದು. ಗಾಯಕಿ ಬಂದಳು, ಅವಳ ಪ್ರತಿಯೊಂದು 'ಸ'ಕಾರಕ್ಕೂ ಕಾದ ಹೆಂಚಿನ ಮೇಲೆ ನೀರು ಬಿದ್ದಂತೆ ಚುರ್ ಎನ್ನುತ್ತಿತ್ತು. ಎರಡು, ಎಂದರು ಅಪ್ಪ. ಸ್ವಿಚ್ಚು ಟಿಕ್ ಎಂದಿತು. ಅಂಚು ಹೋಯಿತು. ಅದೇ ಪಿಟೀಲು, ಅದೇ ಸ್ವರ, ಈಗ ಅದರಲ್ಲಿ ಮರ ಇತ್ತು, ತಂತಿಯ ಮೇಲೆ ಓಡುವ ಬೆರಳು ಇತ್ತು. ಗಾಯಕಿ ಎರಡು ಹೆಜ್ಜೆ ಹಿಂದೆ ಸರಿದು, ಉಸಿರು ತೆಗೆದುಕೊಂಡು, ಕೋಣೆಯೊಳಗೆ ಕೂತುಕೊಂಡಳು. ಇದು ಹೀಗೆ ಎಂದು ತಿಳಿಯುವುದಕ್ಕೆ ಏನೂ ಕಷ್ಟಪಡಬೇಕಾಗಿರಲಿಲ್ಲ. ನೀರು ಬಿಸಿಯೋ ತಣ್ಣಗೋ ಎನ್ನುವಷ್ಟೇ ಸುಲಭ. ಇಷ್ಟು ಸುಲಭವಾದದ್ದು ಮೂರು ವರ್ಷ ತನ್ನ ಎದುರಿಗೇ ನಡೆಯುತ್ತಿತ್ತು ಎಂಬುದು ತಿಳಿದಾಗ ಅವಳಿಗೆ ಮೊದಲು ಆದದ್ದು ಖುಷಿ. ತನಗೂ ಅನ್ನಿಸುತ್ತದೆ. ಅದರ ಹಿಂದೆಯೇ, ಒಂದೊಂದಾಗಿ, ಹನ್ನೊಂದು ಮನೆಗಳು ಕಣ್ಣ ಮುಂದೆ ಬಂದವು. ಗಡಿಯಾರ ರಿಪೇರಿಯವನ ಮಹಡಿ ಕೋಣೆ. ಸಾಲಿನ ಕೊನೆಯ ಮನೆಯ ನಿವೃತ್ತ ಎಂಜಿನಿಯರು, ನಿಮ್ಮ ಸೆಟ್ಟು ಇತ್ತೀಚೆಗೆ ಹಾಕೋದೇ ಕಡಿಮೆ, ವಯಸ್ಸಾಯ್ತು ನೋಡಿ, ತಲೆನೋವು ಬರುತ್ತೆ ಎಂದು ಬಸ್ ನಿಲ್ದಾಣದಲ್ಲಿ ಹೇಳಿದ್ದವರು. ಅವಳು ಆಗ ಅವರ ಮುಖ ನೋಡಿ, ಹೌದು ಸಾರ್ ವಯಸ್ಸು ಎಂದಿದ್ದಳು. ಎಲ್ಲರೂ ತಮ್ಮ ತಮ್ಮ ಕಿವಿಯನ್ನೇ ಬೈದುಕೊಂಡು ಸುಮ್ಮನಾಗಿದ್ದರು. ಅಪ್ಪನಿಗೆ ಈ ಅಂಚು ಕೇಳಿಸುವುದಿಲ್ಲ. ಎರಡು ಓಮಿನಲ್ಲಿ ಅವರಿಗೆ ಕೇಳಿಸುತ್ತಿರುವುದು, ತಾವು ಹಿಂದೆ ಕೇಳುತ್ತಿದ್ದ ಪಿಟೀಲಿನ ಹತ್ತಿರಕ್ಕೆ ಬರುವ ಏನೋ ಒಂದು. ಪ್ರತಿ ವರ್ಷ ಅದು ಇನ್ನಷ್ಟು ದೂರ ಹೋಗುತ್ತಿದೆ, ಅವರು ಪ್ರತಿ ವರ್ಷ ಬಾಗಿಲನ್ನು ಇನ್ನಷ್ಟು ತೆಗೆಯುತ್ತಿದ್ದಾರೆ.

"ಹೇಳು ಮೀಟರು," ಎಂದರು ಅಪ್ಪ.

ಅವರ ದನಿಯಲ್ಲಿ ಏನೂ ಇರಲಿಲ್ಲ, ಇದ್ದರೂ ಅವಳಿಗೆ ಅದನ್ನು ಓದಲು ಬರುತ್ತಿರಲಿಲ್ಲ. ಅವಳು ಕಲಿತದ್ದು ಭುಜದ ಭಾಷೆ. ಒಂದು ಎಂದರೆ ಡಾಕ್ಟರಮ್ಮ ಎತ್ತಿಕೊಂಡು ಹೋಗುತ್ತಾರೆ, ಸಂಜೆ ಕಾಲು ಚಾಚಿ ಕೂತು ತಮ್ಮ ಕಿವಿಗೆ ಶಾಪ ಹಾಕುತ್ತಾರೆ. ಅಪ್ಪ ಊಟಕ್ಕೆ ಕೂತಾಗ ಇದನ್ನೇ ನಾಲ್ಕು ಸಲ ಹೇಳಿ ನಗುತ್ತಾರೆ.

"ಎರಡು," ಎಂದಳು.

ತಟ್ಟೆ ತಿರುಗುತ್ತಲೇ ಇತ್ತು, ಗಾಯಕಿ ತನ್ನ ಪಾಡಿಗೆ ಹಾಡುತ್ತಿದ್ದಳು. ಅಪ್ಪ ನಿಧಾನವಾಗಿ ಮುಂದೆ ಬಂದು ಮುಳ್ಳನ್ನು ಎತ್ತಿ ಇಟ್ಟರು. ಡಾಕ್ಟರಮ್ಮ, ಅಬ್ಬ, ಹಾಗಿದ್ರೆ ನನ್ನ ಕಿವಿಗೇನೂ ಆಗಿಲ್ಲ ಎಂದು ಹಗುರಾಗಿ ಉಸಿರುಬಿಟ್ಟರು. ಅಪ್ಪನ ಮುಖ ಒಂದು ಕ್ಷಣ ಯಾರದ್ದೋ ಆಗಿ, ಮತ್ತೆ ಅಪ್ಪನದ್ದಾಯಿತು. ಅವರು ನಗಲು ಶುರುಮಾಡಿದರು. ಸೋತವರ ನಗೆಯಲ್ಲ, ಅದಕ್ಕಿಂತ ನೋಡಲು ಕಷ್ಟವಾದದ್ದು: ನಿಜವಾದ ಹೆಮ್ಮೆ.

"ನೋಡಿದ್ರಾ ಮೇಡಂ? ಬೆನ್ನ ಹಿಂದೆ ನಿಂತರೂ ಹಿಡೀತು. ನಾನು ಒಂದು ಅಂತ ಅಂದ್ಕೊಂಡಿದ್ದೆ, ಸುಳ್ಳು ಯಾಕೆ ಹೇಳಲಿ. ಅದಕ್ಕೇ ನಾನು ಇವಳ ಮಾತು ಮೀರೋದೇ ಇಲ್ಲ."

ಅವರು ಆಗಲೇ ತಿರುಪುಗಳನ್ನು ಬಿಚ್ಚಲು ಕೂತಿದ್ದರು. ಆ ಸಲ ಬೇರೆ ಕಡೆಯಿಂದ ತಂದ ಟ್ವೀಟರು ಸ್ವಲ್ಪ ಜೋರಿನದ್ದಿರಬೇಕು, ಈ ಒಂದು ಸೆಟ್ಟಿನಲ್ಲಿ ಏನೋ ಎಡವಟ್ಟಾಗಿದೆ, ಅರ್ಧ ಗಂಟೆ ಕೊಡಿ, ರೆಸಿಸ್ಟರು ಬದಲಾಯಿಸಿ ಕೊಡುತ್ತೇನೆ ಎಂದು ಹೇಳುತ್ತಿದ್ದರು. ಉಳಿದ ಹತ್ತರ ಚಿಂತೆ ಇಲ್ಲ, ಒಂದೊಂದನ್ನೂ ಇವಳು ಹೀಗೇ ಕೂತು ಕೇಳಿದ್ದಾಳೆ. ನಾಳೆ ಹೋಗೋದಂತೂ ಮೊನ್ನೆಯಷ್ಟೇ ಪಾಸು ಮಾಡಿದ್ದು. ಡಾಕ್ಟರಮ್ಮ ತಲೆದೂಗಿ, ಅದೃಷ್ಟವಂತರು ನೀವು ಎಂದರು. ಅಮ್ಮ ಖಾಲಿ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದಳು. ಅವಳು ಕುರ್ಚಿಯಿಂದ ಏಳಲಿಲ್ಲ. ಎರಡು ಎಂದದ್ದು ನಿಜವಾಗಿತ್ತು, ಆದರೆ ಅದು ಹೊರಗೆ ಬಂದ ಕೂಡಲೇ ಹಳೆಯ ಹತ್ತು ಸುಳ್ಳುಗಳಿಗೆ ಸಾಕ್ಷಿಯಾಗಿ ಹೋಗಿ ಅವುಗಳ ಪಕ್ಕದಲ್ಲಿ ನಿಂತುಬಿಟ್ಟಿತ್ತು. ಈಗ ಸುಮ್ಮನಿದ್ದರೆ ಅಪ್ಪನ ನಂಬಿಕೆ ಮೊದಲಿಗಿಂತ ಗಟ್ಟಿಯಾಗುತ್ತದೆ, ಅದೂ ಅವಳು ಮೊದಲ ಸಲ ನಿಜ ಹೇಳಿದ ಕಾರಣಕ್ಕೆ. ಮಾತಾಡಿದರೆ ಡಾಕ್ಟರಮ್ಮನಿಗೆ ಅದು ಹುಡುಗಿಯೊಬ್ಬಳ ಕಳ್ಳಾಟ, ಅಷ್ಟೇ. ಅದರ ಪೂರ್ತಿ ಅರ್ಥ ಆಗುವುದು, ಅಮ್ಮನಿಗೆ ಹೇಳಬೇಡ ಎಂದಿದ್ದ ಒಬ್ಬರಿಗೆ ಮಾತ್ರ. ಮೂರು ವರ್ಷ ಈ ಕೋಣೆಯಲ್ಲಿ ಅವರೂ ಸೇರಿ ಯಾರೂ ಆ ಸ್ವರಗಳನ್ನು ಕೇಳಿಸಿಕೊಂಡೇ ಇಲ್ಲ ಎಂಬ ಅರ್ಥ. ಅವರು ನೆಲದ ಮೇಲೆ ಕಾಲು ಮಡಿಚಿ ಕೂತು ಬಟ್ಟೆಯ ಚೌಕಟ್ಟನ್ನು ಜೋಪಾನವಾಗಿ ಬಿಡಿಸುತ್ತಿದ್ದರು, ಎದ್ದಿದ್ದ ನೂಲನ್ನು ಬೆರಳಿನಿಂದ ಒಳಗೆ ತಳ್ಳುತ್ತ. ಅವಳು ಅವರ ಭುಜ ನೋಡದಿರಲು ಕಣ್ಣು ಮುಚ್ಚಿಕೊಂಡಳು. ಗಂಟಲಿನಿಂದ ಬಂದ ದನಿ ಅವಳು ಎಣಿಸಿದ್ದಕ್ಕಿಂತ ದಪ್ಪಗಿತ್ತು.

"ಅಪ್ಪ, ಉಳಿದ ಯಾವ ಸೆಟ್ಟನ್ನೂ ನಾನು ಕೇಳಿ ಹೇಳಿದ್ದಲ್ಲ. ನಿಮ್ಮನ್ನ ನೋಡ್ಕೊಂಡು ಹೇಳಿದ್ದು."